ದುಭಾಷಿಯ ಭಾನುವಾರ

ಚೇತನಾ 'ಹಾಯ್' ಅಂದುಬಿಟ್ಟಿದ್ದಳು. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿದ್ದ ಹೊತ್ತು, ಕಾರು ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ನೆರಳು ದಾಟಿ ಬಿಸಿಲಿಗೆ ಬರುವುದರೊಳಗೆ ಮುಗಿದುಹೋಗಿತ್ತು. ಆದದ್ದು ಇಷ್ಟೇ. ಕಂಪನಿಯ ಕಾರು ಬಂದು ನಿಂತಿತ್ತು. ಅವಳು ಮಗಳು ಶಾಂಭವಿಯನ್ನು ಮೊದಲು ಹತ್ತಿಸಿದಳು. ಚೇತನಾಳ ಅವ್ವ ಭಾಗವ್ವ ಇಳಕಲ್ ಸೀರೆಯ ಸೆರಗನ್ನೂ ರೊಟ್ಟಿ ಕಟ್ಟಿಕೊಂಡ ಚೀಲವನ್ನೂ ಒಟ್ಟಿಗೆ ಎದೆಗವಚಿಕೊಂಡು, ಬಗ್ಗಿ, ಹಿಂದಿನ ಸಾಲಿಗೆ ನುಸುಳುತ್ತಿದ್ದಳು. ಆಗ ಒಳಗೆ ಮಗನ ಜೊತೆ ಕೂತಿದ್ದ ಓಕಾಬೆ ಮೇಡಂ ನಗುತ್ತ ಜಪಾನಿ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳಿದರು. ಇವರು ನಿಮ್ಮ ಮನೆಯ ಸಹಾಯಕರೇ? ಆ ಭಾಷೆಯಲ್ಲಿ ಅದಕ್ಕೊಂದು ಮೃದುವಾದ ಪದವಿದೆ. ಬಿಡಿಸಿ ನೋಡಿದರೆ ನೆರವಿಗೆ ನಿಲ್ಲುವವರು ಎಂದಷ್ಟೇ ಅರ್ಥ, ಬಳಕೆಯಲ್ಲಿ ಮನೆಗೆಲಸದವಳು. ಚೇತನಾ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ 'ಹಾಯ್' ಅಂದಳು. ಹಾಯ್ ಅಂದರೆ ಹೌದು. ಆದರೆ ಹೌದು ಎಂದೇ ಅಲ್ಲ, ನೀವು ಹೇಳಿದ್ದು ಕೇಳಿಸಿತು ಎಂದೂ ಆಗುತ್ತದೆ. ಕಾರ್ಖಾನೆಗೆ ಹೊಸದಾಗಿ ಸೇರುವ ಇಂಜಿನಿಯರುಗಳಿಗೆ ಮೊದಲ ದಿನ ಅವಳೇ ಹೇಳಿಕೊಡುವ ಪಾಠ ಅದು. ಜಪಾನಿನವರು ಹಾಯ್ ಅಂದ ತಕ್ಷಣ ಒಪ್ಪಿದರು ಅಂದ್ಕೋಬೇಡಿ ಎಂದು ಅವಳು ಬೋರ್ಡಿನ ಮೇಲೆ ಬರೆದು ತೋರಿಸುತ್ತಾಳೆ. ಈಗ ನಾಗರಭಾವಿಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಆ ಪಾಠವನ್ನು ಅವಳು ತನಗೇ ಎರಡು ಸಲ ಹೇಳಿಕೊಂಡಳು. ಉಪಯೋಗವಾಗಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ, ಮೊಮ್ಮಗಳ ಕೂದಲು ಬಿಗಿಯಾಗಿ ಹೆಣೆಯುತ್ತ, ಸಣ್ಣಗೆ ಏನನ್ನೋ ಗುನುಗುತ್ತಿದ್ದಳು.

ಮೇಡಂ ಅವರ ಗಂಡ ಓಕಾಬೆ ಅವರು ಬಿಡದಿಯ ಆಚೆಯ ಕಾರ್ಖಾನೆಯ ಮುಖ್ಯಸ್ಥರು. ಚೇತನಾ ಅಲ್ಲಿ ಆರು ವರ್ಷಗಳಿಂದ ದುಭಾಷಿ. ಪ್ರತಿ ವರ್ಷ ಮಾರ್ಚಿನಲ್ಲಿ ಅವಳ ಕೆಲಸ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತಿತ್ತು. ಈ ಸಲ ಕಾಯಂ ಮಾಡುವ ಮಾತು ಎದ್ದಿತ್ತು. ಕಾಗದ ಓಕಾಬೆಯವರ ಮೇಜಿನ ಮೇಲಿತ್ತು. ಗುರುವಾರ ಮೀಟಿಂಗ್ ಮುಗಿದ ಮೇಲೆ ಅವರು, ನಿಮಗೆ ತೊಂದರೆಯಾಗದಿದ್ದರೆ, ಎಂದು ಶುರುಮಾಡಿ, ನಾಲ್ಕು ವರ್ಷದ ಮಗ ರಿಕು ಯಶವಂತಪುರದ ಅಪಾರ್ಟ್‌ಮೆಂಟಿನ ಇಪ್ಪತ್ತನೆಯ ಮಹಡಿಯಲ್ಲಿ ಬೇಸರದಿಂದ ಅಳುತ್ತಾನೆಂದೂ, ಮಾಗಡಿ ರಸ್ತೆಯ ಕಡೆ ಜಪಾನ್ ಹೆಸರಿನ ನೀರಿನ ಪಾರ್ಕೊಂದು ಇದೆಯೆಂದು ಹೆಂಡತಿ ಕೇಳಿದ್ದಾಳೆಂದೂ ಹೇಳಿದ್ದರು. ತೊಂದರೆಯಾಗದಿದ್ದರೆ ಎಂದರೆ ಏನೆಂದು ಅರ್ಥ ಮಾಡಿಕೊಳ್ಳಲು ಅವಳಿಗೆ ದುಭಾಷಿ ಬೇಕಿರಲಿಲ್ಲ. ಮಗಳನ್ನೂ ಕರೆತನ್ನಿ, ಮಕ್ಕಳು ಜೊತೆಯಾಗಿ ಆಡಲಿ ಅಂದರು. ಗಂಡ ಹನುಮೇಶನಿಗೆ ವಿಜಯನಗರದ ಔಷಧಿ ಅಂಗಡಿಯಲ್ಲಿ ಭಾನುವಾರವೂ ಮಧ್ಯಾಹ್ನದವರೆಗೆ ಕೆಲಸ. ನೀನು ಅವರನ್ನ ನೋಡ್ಕೋಬೇಕು, ಕೂಸನ್ನ ಯಾರು ನೋಡ್ತಾರ, ನಾನೂ ಬರ್ತೀನಿ ಎಂದು ಅವ್ವ ತಾನಾಗಿಯೇ ಹೊರಟುನಿಂತಿದ್ದಳು. ಅದು ಚೇತನಾಳಿಗೆ ಬೇಕಾಗಿತ್ತು. ಬೇಡವಾಗಿಯೂ ಇತ್ತು.

ಬ್ಯಾಡರಹಳ್ಳಿ ದಾಟಿ, ಹೊಸ ಲೇಔಟುಗಳ ಕಲ್ಲುಕಂಬಗಳೂ ಇನ್ನೂ ಉಳಿದ ರಾಗಿಹೊಲದ ತುಂಡುಗಳೂ ಕಣ್ಣಿಗೆ ಬೀಳತೊಡಗಿದ ಮೇಲೆ, ಸಕುರಾ ವಾಟರ್ ವರ್ಲ್ಡಿನ ಕೆಂಪು ಕಮಾನು ಎದುರಾಯಿತು. ಸುತ್ತಲಿನವರೆಲ್ಲ ಅದನ್ನು ಜಪಾನ್ ಪಾರ್ಕ್ ಅನ್ನುತ್ತಾರೆ. ಕಮಾನಿನ ಎರಡೂ ಬದಿಗೆ ಕಬ್ಬಿಣದ ಮರಗಳು, ಅವುಗಳ ತುಂಬ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೂವು, ಹೂವಿನ ಮೇಲೆ ರಸ್ತೆಯ ಧೂಳು. ಗೋಡೆಯ ಮೇಲೆ ಬೀಸಣಿಗೆ ಹಿಡಿದ ಹೆಣ್ಣೊಬ್ಬಳ ಚಿತ್ರವಿತ್ತು. ಬರೆದವನ ಕೈ ಯಾವುದೋ ಹಳೆಯ ಅಭ್ಯಾಸಕ್ಕೆ ಸೋತು ಅವಳ ಹಣೆಗೊಂದು ಕುಂಕುಮ ಇಟ್ಟುಬಿಟ್ಟಿತ್ತು. ಅದರ ಪಕ್ಕದಲ್ಲಿ ಜಪಾನಿ ಅಕ್ಷರಗಳಂತೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಗೆರೆಗಳು. ಓಕಾಬೆ ಮೇಡಂ ಅದನ್ನು ಓದಲು ಕ್ಷಣಕಾಲ ಪ್ರಯತ್ನಿಸಿ ಬಿಟ್ಟದ್ದು ಚೇತನಾಳಿಗೆ ಕಾಣಿಸಿತು. ಕಾರ್ಖಾನೆಯಲ್ಲಿ ಮಷೀನು ಕೆಟ್ಟರೆ ಕ್ಷಮೆ ಕೇಳುವವಳು ಅವಳೇ. ಬೇರೆಯವರ ಪರವಾಗಿ ತಲೆಬಾಗಿ ಬಾಗಿ, ಯಾವ ತಪ್ಪು ತನ್ನದು ಯಾವುದು ಅಲ್ಲ ಎಂಬ ಅಂದಾಜೇ ಅವಳಿಗೆ ಹೋಗಿತ್ತು. ಹಾಗಾಗಿ ಆ ಗೆರೆಗಳಿಗೂ ಅವಳು ಒಳಗೊಳಗೇ ನಾಚಿಕೊಂಡಳು.

ಪಾರ್ಕಿನ ಯಜಮಾನ ಮುನಿರಾಮಯ್ಯನವರಿಗೆ ಗೇಟಿನಿಂದಲೇ ಸುದ್ದಿ ಹೋಗಿತ್ತು. ಬಿಳಿ ಪಂಚೆಯ ಚುಂಗು ಹಿಡಿದುಕೊಂಡು ಅವರು ಓಡುನಡಿಗೆಯಲ್ಲಿ ಬಂದರು. ಅರವತ್ತರ ಮೇಲಿನ ವಯಸ್ಸು, ಕಪ್ಪಗೆ ಗಟ್ಟಿಯಾದ ಆಳು. ಪಾರ್ಕು ತೆರೆದು ಮೂರು ವರ್ಷವಾದರೂ ಜಪಾನಿನವರು ಯಾರೂ ಬಂದಿರಲಿಲ್ಲ ಎಂದು ಅವರು ಮಗುವಿನಂತೆ ಸಂಭ್ರಮಿಸಿದರು. ಈ ಜಾಗ ಅಪ್ಪನ ಕಾಲದ ರಾಗಿಹೊಲವಂತೆ. ಟಿವಿಯಲ್ಲಿ ಜಪಾನಿನ ಹೂವಿನ ಮರ ನೋಡಿದಾಗಿನಿಂದ ಹೆಂಡತಿ ಅಕ್ಕಯ್ಯಮ್ಮನಿಗೆ ಅದರದೇ ಹುಚ್ಚು ಹಿಡಿದಿತ್ತಂತೆ. ಅಲ್ಲಿಗೆ ಕರಕೊಂಡು ಹೋಗೋಕಂತೂ ಆಗಲಿಲ್ಲ, ಅವಳು ಹೋಗಿಬಿಟ್ಟಳು, ಆಮೇಲೆ ಇದನ್ನು ಕಟ್ಟಿಸಿದೆ ಎಂದರು. ಹೇಳುವಾಗ ಅವರ ದನಿಯಲ್ಲಿ ಅಳುವೇನೂ ಇರಲಿಲ್ಲ, ಕಟ್ಟಿಸಿದ ಹೆಮ್ಮೆಯಿತ್ತು. "ಕೇಳಿ ಮೇಡಂ, ಅವರ ದೇಶದ ಥರಾನೇ ಇದ್ಯಾ ಅಂತ." ಚೇತನಾ ಕೇಳಿದಳು. ಓಕಾಬೆ ಮೇಡಂ ಮರಗಳನ್ನೂ ಚಿತ್ರವನ್ನೂ ನೋಡಿ, ಸ್ವಲ್ಪ ಯೋಚಿಸಿ, ಇಂಥದ್ದು ನಮ್ಮ ದೇಶದಲ್ಲಿ ಎಲ್ಲೂ ಇಲ್ಲ ಎಂದರು. ತುಂಬಾ ಚೆನ್ನಾಗಿದೆ ಅಂತಿದಾರೆ, ಎಂದು ಚೇತನಾ ಕನ್ನಡ ಮಾಡಿದಳು. ಮುನಿರಾಮಯ್ಯನವರ ಮುಖ ಅರಳಿತು. ಹೀಗೆ ದಿನಕ್ಕೆ ಎಷ್ಟು ಸಲ ಎರಡು ಕಡೆಯವರನ್ನೂ ಸಂತೋಷಪಡಿಸಿ ಮಧ್ಯದಲ್ಲಿ ತಾನೊಬ್ಬಳೇ ನಿಜವನ್ನು ಬಾಯಲ್ಲಿಟ್ಟುಕೊಂಡು ನಿಲ್ಲುತ್ತೇನೆ ಎಂದು ಅವಳಿಗೆ ಅನ್ನಿಸಿತು.

ಸೀರೆ, ಚೂಡಿದಾರದಲ್ಲಿ ನೀರಿಗಿಳಿಯುವಂತಿಲ್ಲ, ನೈಲಾನ್ ಬಟ್ಟೆ ಕಡ್ಡಾಯ ಎಂದು ಬೋರ್ಡಿತ್ತು. ಬಾಡಿಗೆಗೆ ಕೊಡುವ ಅರ್ಧ ಚಡ್ಡಿ, ಅಂಗಿಯನ್ನು ಅವ್ವ ಎರಡು ಬೆರಳಲ್ಲಿ ಎತ್ತಿ ನೋಡಿ ಮರಳಿ ಇಟ್ಟಳು. ಅಲೆಗಳ ಕೊಳದ ಸುತ್ತ ಹಾಕಿದ್ದ ಸೊಂಟದೆತ್ತರದ ಕಬ್ಬಿಣದ ಕಟಕಟೆಯ ಆಚೆ, ಸಿಮೆಂಟಿನ ಬೆಂಚಿನ ಮೇಲೆ, ನಾಲ್ಕು ಜನರ ಚಪ್ಪಲಿ, ಚೀಲ, ಟವೆಲ್ಲುಗಳ ನಡುವೆ ಅವಳು ಕೂತಳು. ಕೆಲಸದವರು ಕೂರುವ ಹಾಗೆಯೇ, ಎಂದು ಚೇತನಾಳಿಗೆ ತೋಚಿ, ತೋಚಿದ್ದಕ್ಕೆ ಮೈ ಬಿಸಿಯಾಯಿತು. ರಾಜಾಜಿನಗರದ ಹಾಸ್ಟೆಲಿನ ಮೆಟ್ಟಿಲಿನ ಮೇಲೂ ಅವ್ವ ಒಮ್ಮೆ ಹೀಗೇ ಟ್ರಂಕಿನ ಪಕ್ಕದಲ್ಲಿ ಕೂತಿದ್ದಳು. ಕುಷ್ಟಗಿಯ ಬಸ್ಸಿನಲ್ಲಿ ರಾತ್ರಿಯಿಡೀ ಬಂದು, ಶೇಂಗಾ ಹಿಂಡಿಯ ಡಬ್ಬಿ ತಂದು. ಇವರ್ಯಾರು ಎಂದು ರೂಮಿನ ಹುಡುಗಿ ಕೇಳಿದಾಗ ಹತ್ತೊಂಬತ್ತರ ಚೇತನಾ, ನಮ್ಮೂರಿನವರು, ಅಂದಿದ್ದಳು. ಸುಳ್ಳಲ್ಲ. ಆಗೆಲ್ಲ ಅವಳು ಬಾಯಿ ಬಿಟ್ಟರೆ ಸುತ್ತಲಿನ ಹುಡುಗಿಯರು ನಗುತ್ತಿದ್ದರು. 'ಹೋಗಾಕತ್ತೀನಿ' ಅಂದರೆ ಇಡೀ ದಿನ ಅದನ್ನೇ ಅಂದು ಕಾಡುತ್ತಿದ್ದರು. ವಿಜಯನಗರದ ಬೇಕರಿಯೊಂದರ ಮಹಡಿಯ ಮೇಲೆ ಜಪಾನಿ ಕ್ಲಾಸು ಶುರುವಾದಾಗ ಅವಳು ಸೇರಿದ್ದು ಆ ದೇಶದ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿ ಎಲ್ಲರೂ ಮೊದಲ ದಿನ ಮೂಕರು. ಆ ಭಾಷೆಯಲ್ಲಿ ಅವಳು ಯಾವ ಊರಿನವಳೆಂದು ಯಾರಿಗೂ ಕಂಡುಹಿಡಿಯಲಾಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಅವಳು ಎಲ್ಲರಿಗಿಂತ ಮುಂದೆ ಹೋದಳು. "ಅಮ್ಮ, ನೀರು ಬೆಚ್ಚಗಿದೆ," ಎಂದು ಶಾಂಭವಿ ಕೈ ಜಗ್ಗಿದಳು. ರಿಕು ಇನ್ನೊಂದು ಕೈ ಹಿಡಿದಿದ್ದ. ಮೂವರೂ ಇಳಿದರು. ಓಕಾಬೆ ಮೇಡಂ ಆಗಲೇ ನೀರಲ್ಲಿ ಒಮ್ಮೆ ಮುಳುಗಿ ಎದ್ದಿದ್ದರು.

ದಡದ ಹತ್ತಿರ ನೀರು ಕಣಕಾಲು ಮುಳುಗುವಷ್ಟು. ಮುಂದೆ ಹೋದಂತೆ ನಿಧಾನವಾಗಿ ಆಳ. ಮಕ್ಕಳಿಬ್ಬರಿಗೂ ಭಾಷೆಯ ತಂಟೆಯಿರಲಿಲ್ಲ, ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ಕೇಕೆ ಹಾಕುತ್ತಿದ್ದರು. ಐದು ವರ್ಷದ ಶಾಂಭವಿ ದೊಡ್ಡವಳ ಗತ್ತಿನಲ್ಲಿ ರಿಕುವಿನ ಹಳದಿ ಟೋಪಿ ಸರಿಮಾಡಿದಳು. ಸ್ವಲ್ಪ ಹೊತ್ತಿಗೆ ಮುನಿರಾಮಯ್ಯನವರು ದಡದಲ್ಲಿ ಬಂದು ನಿಂತರು. ಆಫೀಸಿನ ಗೋಡೆಗೆ ಹಾಕಿಸಲು, ಕೆಂಪು ಕಮಾನಿನ ಕೆಳಗೆ ಮೇಡಮ್ಮನವರದೊಂದು ಫೋಟೋ ಬೇಕು ಎಂದರು. ಓಕಾಬೆ ಮೇಡಂ ಒಪ್ಪಿದರು, ರಿಕು ಬರಲೊಪ್ಪಲಿಲ್ಲ. ಅವರು ಹೋಗುವ ಮುಂಚೆ ಚೇತನಾಳ ಕಡೆ ತಿರುಗಿ, ಎರಡೂ ಕೈ ತೊಡೆಯ ಮೇಲಿಟ್ಟು ಬಾಗಿ, ಇವನನ್ನು ನಿಮಗೆ ಒಪ್ಪಿಸಿದ್ದೇನೆ ಎಂದರು. ಆ ಭಾಷೆಯಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಚೇತನಾ ತಾನೂ ಬಾಗಿದಳು.

ಅವರು ಹೋಗಿ ಐದು ನಿಮಿಷವೂ ಆಗಿರಲಿಲ್ಲ. ಸೈರನ್ ಕೂಗಿತು. ಅಲೆ ಬರುವ ಹೊತ್ತೆಂದು ಅವಳಿಗೆ ತಿಳಿಯುವುದರೊಳಗೆ, ಕಾಲೇಜು ಹುಡುಗರ ಗುಂಪೊಂದು ಬಾ ಮಗಾ ಬಾ ಮಗಾ ಎಂದು ಅರಚುತ್ತ ಹಿಂದಿನಿಂದ ನುಗ್ಗಿತು. ಎದುರಿನಿಂದ ಮೊದಲ ಅಲೆ. ಅದು ಅಂಥ ದೊಡ್ಡದಲ್ಲ, ಅವಳ ಸೊಂಟಕ್ಕೆ ಬಂತು ಅಷ್ಟೆ. ಆದರೆ ಸೊಂಟದೆತ್ತರದಲ್ಲೇ ಮಕ್ಕಳ ತಲೆಗಳಿದ್ದವು. ಎಡಗಡೆ ರಿಕು, ಬಲಗಡೆ ಶಾಂಭವಿ, ಇಬ್ಬರೂ ಒಂದೇ ಬಾರಿಗೆ ನೊರೆಯೊಳಗೆ ಹೋದರು. "ಅಬುನಾಯಿ!" ಎಂದು ಚೇತನಾ ಕೂಗಿದಳು. ಹುಷಾರು ಎನ್ನುವುದಕ್ಕೆ ಜಪಾನಿ ಮಾತು. ಅವಳ ದೇಹ ಎಡಕ್ಕೆ ತಿರುಗಿತು. ಅವಳು ಬಗ್ಗಿ, ರಿಕುವನ್ನು ಕಂಕುಳಲ್ಲಿ ಹಿಡಿದು, ನೀರಿನಿಂದ ಮೇಲೆತ್ತಿ ಎದೆಗೊತ್ತಿಕೊಂಡಳು. ಎರಡೂ ಕೈಯಿಂದ. ಅವನು ಕೆಮ್ಮಿ ಅತ್ತದ್ದು ಕೇಳಿಸಿದ ಮೇಲೆ, ಅವಳು ಬಲಕ್ಕೆ ನೋಡಿದಳು. ಅಲ್ಲಿ ನೊರೆ, ಯಾರದೋ ತೊಡೆಗಳು, ತೇಲುವ ಒಂದು ಹಳದಿ ಟೋಪಿ. ಎರಡನೆಯ ಅಲೆ ಬಂತು. ಆಗ ಆ ತೊಡೆಗಳ ನಡುವಿನಿಂದ, ನೆನೆದು ಬಲೂನಿನಂತೆ ಉಬ್ಬಿದ ಇಳಕಲ್ ಸೀರೆಯೊಂದು ಮೇಲೆದ್ದಿತು. ಕಟಕಟೆಯನ್ನು ಐವತ್ತೆಂಟರ ಅವ್ವ ಹೇಗೆ ಹಾರಿದಳೋ ಯಾರೂ ನೋಡಲಿಲ್ಲ. ಶಾಂಭವಿಯ ಹೆರಳು ಅವಳ ಮುಷ್ಟಿಯಲ್ಲಿತ್ತು. ಹೆರಳು ಹಿಡಿದೇ ಅವಳು ಮಗುವನ್ನು ಎಳೆದು ಹೆಗಲಿಗೆ ಹಾಕಿಕೊಂಡಳು.

ಸೀಟಿ ಊದುತ್ತ ಕಾವಲಿನ ಮನುಷ್ಯ ಬಂದ. ನಡುವಯಸ್ಸಿನವನು, ಹೆದರಿದ್ದ, ಹೆದರಿದ್ದರಿಂದ ಸಿಟ್ಟಾಗಿದ್ದ. "ಏನಮ್ಮ, ಸೀರೆ ಉಟ್ಕೊಂಡು ಪೂಲಿಗೆ ಇಳೀತೀರಲ್ಲ, ಬೋರ್ಡ್ ಹಾಕಿರೋದು ಕಾಣಲ್ವಾ? ಯಾರ ಕಡೆಯವರು ನೀವು?" ಭಾಗವ್ವ ಚೇತನಾಳ ಕಡೆ ನೋಡಿದಳು. ಚೇತನಾಳ ಕೊರಳಿಗೆ ರಿಕು ಜೋತುಬಿದ್ದಿದ್ದ. ಕಮಾನಿನ ಕಡೆಯಿಂದ ಓಕಾಬೆ ಮೇಡಂ ಓಡಿ ಬರುತ್ತಿರುವುದೂ ಕಾಣುತ್ತಿತ್ತು. ಹೇಳಬೇಕಾದದ್ದು ಮೂರೇ ಅಕ್ಷರ, ನಮ್ಮವ್ವ. ಅವಳು ರಿಕುವಿನ ಬೆನ್ನು ಸವರುತ್ತ ನಿಂತಳು. ಅವ್ವ ಅವಳನ್ನು ಹೆಚ್ಚು ಹೊತ್ತು ಕಾಯಿಸಲಿಲ್ಲ. "ಈ ಕೂಸಿನ ಕಡ್ಯಾಕಿ ಅದೀನ್ರಿ," ಅಂದು, ನೀರು ಸುರಿಯುವ ಸೀರೆಯನ್ನು ಒಂದು ಕೈಲಿ ಎತ್ತಿ ಹಿಡಿದು, ಮೆಟ್ಟಿಲು ಹತ್ತಿ ಹೋದಳು.

ಓಕಾಬೆ ಮೇಡಂ ಮಗನನ್ನು ಎತ್ತಿಕೊಂಡು, ಮೈಯೆಲ್ಲ ಮುಟ್ಟಿ ನೋಡಿ, ಆಮೇಲೆ ಆ ಮನುಷ್ಯ ಏನನ್ನುತ್ತಿದ್ದಾನೆ ಎಂದು ಕೇಳಿದರು. ಎಲ್ಲರೂ ಕ್ಷೇಮವೇ ಎಂದು ವಿಚಾರಿಸುತ್ತಿದ್ದಾರೆ, ಎಂದಳು ಚೇತನಾ. ಮೇಡಂ ಅವನಿಗೂ ಬಾಗಿದರು. ಅವನು ತಬ್ಬಿಬ್ಬಾಗಿ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಅವರು ಚೇತನಾಳ ಎದುರು ನಿಂತರು. ಕಮಾನಿನ ಹತ್ತಿರದಿಂದಲೇ ಎಲ್ಲ ನೋಡಿದ್ದರು. ನಿಮ್ಮ ಮಗಳೂ ನೀರಲ್ಲಿದ್ದಳು, ನೀವು ಮೊದಲು ನನ್ನ ಮಗನನ್ನು ಎತ್ತಿದಿರಿ, ತಾಯಿಯಾಗಿ ನನಗೆ ಅದು ಸಾಧ್ಯವಾಗುತ್ತಿರಲಿಲ್ಲ, ಇದನ್ನು ನಾನು ಜೀವ ಇರುವವರೆಗೂ ಮರೆಯುವುದಿಲ್ಲ, ಮನೆಯವರಿಗೆ ಈಗಲೇ ಹೇಳುತ್ತೇನೆ ಎಂದು, ಜನರೆಲ್ಲ ನೋಡುತ್ತಿರುವಂತೆ, ಸೊಂಟದಿಂದ ಕೆಳಕ್ಕೆ ಬಾಗಿ, ಬಹಳ ಹೊತ್ತು ಏಳಲಿಲ್ಲ. ಅವರ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗಲ್ಲ, ನಾನು ಆರಿಸಲಿಲ್ಲ, ಕೈ ಆ ಕಡೆ ಹೋಯಿತು ಎನ್ನಲು ಚೇತನಾ ಮಾತು ಹುಡುಕಿದಳು. ಸಿಕ್ಕ ಮಾತುಗಳೆಲ್ಲ ವಿನಯದ ಮಾತುಗಳಾಗಿದ್ದವು. ಎಷ್ಟು ಅಲ್ಲಗಳೆದರೂ ಅದು ಹೊಗಳಿಕೆಯನ್ನು ಒಪ್ಪಿಕೊಳ್ಳುವ ರೀತಿಯೇ ಆಗಿತ್ತು.

ಗಂಟೆ ಇನ್ನೂ ಒಂದಾಗಿತ್ತು. ಡ್ರೈವರ್ ಮುತ್ತುರಾಜ ಕೆಂಗೇರಿಗೆ ಹೋಗಿದ್ದ, ಮತ್ತೆ ಬರುವುದು ನಾಲ್ಕಕ್ಕೆ. ಹೊರಡುವ ಹಾಗಿರಲಿಲ್ಲ. ನೀರಿಗೆ ಹೆದರಿದ ಮಗುವನ್ನು ಅವತ್ತೇ ಮತ್ತೆ ನೀರಿಗಿಳಿಸಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತದೆ ಎಂಬುದು ಓಕಾಬೆ ಮೇಡಂ ಅವರ ನಂಬಿಕೆ. ರಿಕು ಚೇತನಾಳ ಜೊತೆಗಲ್ಲದೆ ಇಳಿಯುವುದಿಲ್ಲವೆಂದು ಹಟ ಹಿಡಿದ. ಪಾರ್ಕಿನ ಅಂಚಿನಲ್ಲಿ, ಉಂಗುರದಂತೆ ಸುತ್ತಿ ಬರುವ, ಮೊಣಕಾಲುದ್ದದ ನೀರಿನ ಕಾಲುವೆಯೊಂದಿತ್ತು. ರಬ್ಬರ್ ಟ್ಯೂಬಿನ ಮೇಲೆ ಕೂತರೆ ನೀರೇ ಹೊತ್ತುಕೊಂಡು ಹೋಗಿ, ಹೊರಟಲ್ಲಿಗೇ ತಂದುಬಿಡುತ್ತದೆ. ನೀನೂ ಬಾ ಎಂದು ಚೇತನಾ ಮಗಳ ಮುಂದೆ ಮಂಡಿಯೂರಿ ಕರೆದಳು. ಶಾಂಭವಿ ಟವೆಲ್ಲು ಸುತ್ತಿಕೊಂಡು ಕೂತಿದ್ದಳು, ಅಳುತ್ತಿರಲಿಲ್ಲ. ತಲೆಗೂದಲು ನೋಯುತ್ತಿದೆ ಎಂದಷ್ಟೇ ಅಂದಳು. ಆಮೇಲೆ, ನೀವು ಹೋಗಿ, ನಾನು ಅಜ್ಜಿ ಜೊತೆ ಇರ್ತೀನಿ ಎಂದಳು. ಯಾವತ್ತೂ ನೀನು ಅನ್ನುವವಳು ನೀವು ಅಂದಳೋ, ನೀವು ಎಂದದ್ದು ಇಬ್ಬರನ್ನೂ ಸೇರಿಸಿಯೋ, ತಿಳಿಯಲಿಲ್ಲ.

ಚೇತನಾ ಟ್ಯೂಬಿನಲ್ಲಿ ಕೂತಳು. ರಿಕು ಅವಳ ಹೊಟ್ಟೆಗೊರಗಿ ಕೂತ. ನೀರು ತಳ್ಳಿಕೊಂಡು ಹೊರಟಿತು. ಮೊದಲ ಸುತ್ತಿನಲ್ಲಿ ಬೆಂಚು ಕಾಣಿಸಿದಾಗ ಅವಳು ಕೈ ಬೀಸಿದಳು, ಶಾಂಭವಿಯೂ ಬೀಸಿದಳು. ಎರಡನೆಯ ಸುತ್ತಿನಲ್ಲಿ ಅವ್ವ ಸೀರೆಯ ಒಂದು ತುದಿಯನ್ನು ಕಟಕಟೆಗೆ ಹರವಿ ಒಣಗಿಸುತ್ತಿದ್ದಳು, ಉಳಿದ ಭಾಗವನ್ನು ಉಟ್ಟುಕೊಂಡೇ. ಬಾಡಿಗೆ ಬಟ್ಟೆ ತಂದುಕೊಡುತ್ತೇನೆ ಅಂದರೆ ಬ್ಯಾಡ, ಬಿಸಿಲೈತಿ ಎಂದಿದ್ದಳು. ಅಲೆ ಬಂದಾಗ ಎಡಕ್ಕೆ ಒಂದು ಮಾರು, ಬಲಕ್ಕೆ ಒಂದು ಮಾರು, ದೂರ ಒಂದೇ ಆಗಿತ್ತು. ಚೇತನಾ ಅದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಅಳೆದಳು. ಎಡಗಡೆಯವನು ಅರ್ಧ ಹೆಜ್ಜೆ ಹತ್ತಿರವಿದ್ದನೇನೋ. ಇರಲಿಲ್ಲ. ಅವನು ಚಿಕ್ಕವನು, ಅದಕ್ಕೆ. ಒಂದೇ ವರ್ಷ ಚಿಕ್ಕವನು. ಒಪ್ಪಿಸಿದ ಮಗು, ಒಪ್ಪಿಸಿಕೊಂಡವರು ನೋಡಬೇಕಾದದ್ದು ಧರ್ಮ. ಇರಬಹುದು, ಆದರೆ ಧರ್ಮ ಅಷ್ಟು ಬೇಗ ಕೈಗೆ ಬರುತ್ತದೆಯೇ? ಮೂರನೆಯ ಸುತ್ತು. ಒಂದು ಕೈ ಅಲ್ಲಿಗೆ, ಒಂದು ಕೈ ಇಲ್ಲಿಗೆ ಚಾಚಬಹುದಿತ್ತು. ಕಾರ್ಖಾನೆಯಲ್ಲಿ ಓಕಾಬೆಯವರು ವಿಸಿಟಿಂಗ್ ಕಾರ್ಡು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಒಂದು ಕೈ ಚಾಚುವುದು ಅಗೌರವ. ಆರು ವರ್ಷದಿಂದ ಕಾಗದ, ಪೆನ್ನು, ಚಹಾದ ಕಪ್ಪು ಎಲ್ಲವನ್ನೂ ಅವರಿಂದ ಎರಡು ಕೈಯಲ್ಲೇ ತೆಗೆದುಕೊಂಡ ಕೈಗಳು ಇವು. ಕೂಗಿದ್ದಂತೂ ಇನ್ನೂ ಸ್ಪಷ್ಟ. ಅಬುನಾಯಿ ಎಂದು ಅವಳು ಕೂಗಿದಾಗ, ಅದನ್ನು ಅರ್ಥ ಮಾಡಿಕೊಳ್ಳಬಲ್ಲ ಮಗು ಆ ನೀರಿನಲ್ಲಿ ಒಂದೇ ಒಂದು ಇತ್ತು. ನಾಲ್ಕನೆಯ ಸುತ್ತಿನಲ್ಲಿ ಶಾಂಭವಿ ರೊಟ್ಟಿ ತಿನ್ನುತ್ತ, ಬಾಯಿ ತುಂಬ ಮಾತಾಡುತ್ತ, ಕಾಲುವೆಯ ಕಡೆ ನೋಡಲಿಲ್ಲ. ಇಳಿಯೋಣವೇ ಎಂದು ಚೇತನಾ ರಿಕುವನ್ನು ಕೇಳಿದಳು. ಇನ್ನೊಂದು ಸಲ, ಎಂದ ಅವನು. ಟ್ಯೂಬಿನ ಅಂಚು ಅವಳ ತೊಡೆಗೆ ಉಜ್ಜಿ ಕೆಂಪಾಗಿತ್ತು. ಇಳಿದು ನಿಂತರೆ ನೀರು ಮೊಣಕಾಲಿಗೆ ಬರುತ್ತಿತ್ತು, ಅಷ್ಟೆ. ಎರಡು ಹೆಜ್ಜೆಯಲ್ಲಿ ದಡ. ಆದರೂ ಅವಳು ಇಳಿಯಲಿಲ್ಲ. ದಡದಲ್ಲಿ ಓಕಾಬೆ ಮೇಡಂ ಪ್ರತಿ ಸುತ್ತಿಗೂ ಫೋನೆತ್ತಿ ಫೋಟೋ ತೆಗೆಯುತ್ತಿದ್ದರು, ಪ್ರತಿ ಸುತ್ತಿಗೂ ಅವಳ ಮುಖ ತಾನಾಗಿ ನಗುತ್ತಿತ್ತು. ಹನ್ನೊಂದು ಸುತ್ತು ಆಯಿತು.

ನಾಲ್ಕಕ್ಕೆ ಕಾರು ಬಂತು. ಮುತ್ತುರಾಜ ಭಾಗವ್ವನ ಒದ್ದೆ ಸೀರೆ ನೋಡಿ, ಏನೂ ಕೇಳದೆ, ಸೀಟಿನ ಮೇಲೆ ಹಳೆಯ ಪೇಪರು ಹಾಸಿ, ಬನ್ನಿ ಅಮ್ಮ ಎಂದು ಬಾಗಿಲು ಹಿಡಿದ. ಮಕ್ಕಳಿಬ್ಬರೂ ಬ್ಯಾಡರಹಳ್ಳಿ ಬರುವುದರೊಳಗೆ ನಿದ್ದೆಹೋದರು, ರಿಕು ತಾಯಿಯ ಮೇಲೆ, ಶಾಂಭವಿ ಅಜ್ಜಿಯ ಮೇಲೆ. ಓಕಾಬೆ ಮೇಡಂ ಹಿಂದಕ್ಕೆ ತಿರುಗಿ ನೋಡುತ್ತ, ನನ್ನ ಸಂತೋಷದಲ್ಲಿ ಆ ಹೆಂಗಸಿಗೊಂದು ಮಾತು ಹೇಳುವುದನ್ನೇ ಮರೆತೆನಲ್ಲ ಎಂದರು. ಕಲಿತಿದ್ದ ಒಂದೇ ಕನ್ನಡ ಮಾತನ್ನು, ಧನ್ಯವಾದ ಎಂದು, ಭಾಗವ್ವನಿಗೆ ಹೇಳಿದರು. ಆಮೇಲೆ ಚೇತನಾಳನ್ನು ಕೇಳಿದರು: ಎಂಥ ಧೈರ್ಯದ ಹೆಂಗಸು, ನಿಮ್ಮ ಮನೆಯಲ್ಲಿ ಎಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ, ಕೇಳಿ ಹೇಳುತ್ತೀರಾ?

ಏನನ್ನು ಬೇಕಾದರೂ ಕೇಳಬಹುದಿತ್ತು. ದಣಿವಾಯಿತೇ ಎಂದು ಕೇಳಿ, ಬಂದ ಉತ್ತರವನ್ನು ವರ್ಷಗಳ ಲೆಕ್ಕ ಮಾಡಿ ಹೇಳಬಹುದಿತ್ತು. ಬೆಳಿಗ್ಗೆಯಿಂದ ಅದನ್ನೇ ತಾನೇ ಮಾಡಿದ್ದು. ಆದರೆ ಚೇತನಾಳೊಳಗೆ ಹಾಗೆ ಮಾಡುವ ಯಂತ್ರ ನಿಂತುಹೋದಂತಿತ್ತು. ಅವಳು ಹಿಂದಕ್ಕೆ ತಿರುಗಿ, ಬೆಂಗಳೂರಿನ ಮಾತು ಬಿಟ್ಟು, ಊರಿನ ಮಾತಿನಲ್ಲಿ, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. "ಅವ್ವಾ, ನೀ ನಮ್ಮನ್ಯಾಗ ಎಷ್ಟ್ ವರ್ಷದಿಂದ ಕೆಲಸಕ್ಕ ಅದಿ ಅಂತ ಕೇಳಾಕತ್ತಾರ."

ಕನ್ನಡಿಯಲ್ಲಿ ಮುತ್ತುರಾಜನ ಕಣ್ಣು ಒಮ್ಮೆ ಮೇಲೆದ್ದು ಮತ್ತೆ ರಸ್ತೆಗೆ ಹೋಯಿತು. ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. ಮಡಿಲಲ್ಲಿದ್ದ ಶಾಂಭವಿಯ ಹಣೆಯ ಮೇಲಿನ ಕೂದಲನ್ನು ಸರಿಸಿದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಅಚ್ಚರಿಯೂ ಕಾಣಲಿಲ್ಲ. ಬೆರಳ ಗೆಣ್ಣುಗಳ ಮೇಲೆ ಲೆಕ್ಕ ಹಾಕಿದಳು.

"ಮೂವತ್ತಾರು ವರ್ಷ ಆತು ಅಂತ ಹೇಳು."

ಚೇತನಾ ಹೇಳಿದಳು. ಮೂವತ್ತಾರು ವರ್ಷ, ಅವಳ ವಯಸ್ಸು ಎಷ್ಟೋ ಅಷ್ಟೇ. ಅಷ್ಟು ವರ್ಷವೇ ಎಂದು ಓಕಾಬೆ ಮೇಡಂ ಬೆರಗಾದರು. ಹಾಗಿದ್ದರೆ ನಿಮ್ಮನ್ನು ಬೆಳೆಸಿದವರೂ ಇವರೇ ಇರಬೇಕು ಎಂದರು. ಹೌದು, ನನ್ನನ್ನು ಹೆತ್ತವರೂ ಇವರೇ ಎಂದಳು ಚೇತನಾ, ನನ್ನ ತಾಯಿ. ಹೇಳಿದ ಕೂಡಲೇ ಏನೋ ಹಗುರವಾಗುತ್ತದೆಂದು ಅವಳು ಎಣಿಸಿದ್ದಳು. ಮೇಡಮ್ಮನವರ ಮುಖ ಬಿಳುಪೇರಿತು. ಅವರು ಮಲಗಿದ್ದ ಮಗನನ್ನು ಪಕ್ಕಕ್ಕೆ ಸರಿಸಿ, ಸೀಟಿನ ಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, ಭಾಗವ್ವನಿಗೆ ಒಂದಾದ ಮೇಲೊಂದು ಬಾಗತೊಡಗಿದರು. ಬಾಗುತ್ತಲೇ ಚೇತನಾಳಿಗೆ ಹೇಳಿದರು: ಬೆಳಿಗ್ಗೆ ನಾವು ಎಂಥ ತಪ್ಪು ಪದ ಬಳಸಿದೆವು, ನೀವು ಅದನ್ನು ತಿದ್ದಿದರೆ ನಮಗೆ ನಾಚಿಕೆಯಾದೀತೆಂದು ದಿನವಿಡೀ ಸಹಿಸಿಕೊಂಡಿರಿ, ನಮ್ಮ ಮರ್ಯಾದೆ ಉಳಿಸಲು ತಾಯಿಯವರನ್ನು ಅಲ್ಲಿ ಕೂರಿಸಿದಿರಿ, ಎಲ್ಲ ತಪ್ಪೂ ನಮ್ಮದು. ಅವರ ಕಣ್ಣಿನಲ್ಲಿ ನೀರು ಬಂದಿತ್ತು. ಚೇತನಾ ಬಾಯಿ ತೆರೆದಳು. ತಪ್ಪು ನಿಮ್ಮದಲ್ಲ, ನನಗೆ ಇವಳನ್ನು ತೋರಿಸಿಕೊಳ್ಳಲು ನಾಚಿಕೆಯಾಯಿತು ಎಂದು ಹೇಳಲು ಜಪಾನಿಯಲ್ಲಿ ಕಷ್ಟವಾದ ಪದಗಳೇನೂ ಇರಲಿಲ್ಲ, ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ ವಾಕ್ಯ. ಕಾರು ನಾಗರಭಾವಿಯ ತಿರುವು ದಾಟಿತು. ಅವಳು ಹೇಳಲಿಲ್ಲ. ದಯವಿಟ್ಟು ತಲೆಯೆತ್ತಿ, ಎಂದಳು. "ಇಷ್ಟ್ ಯಾಕ ಬಗ್ಗಾಕತ್ತಾಳ ಪಾಪ?" ಎಂದು ಅವ್ವ ಕೇಳಿದಾಗ, ಧನ್ಯವಾದ ಅಂತ, ಎಂದಳು.

ಅತ್ತಿಗುಪ್ಪೆಯಲ್ಲಿ ಇಳಿದರು. ಶಾಂಭವಿ ಎದ್ದು, ನಿದ್ದೆಗಣ್ಣಿನಲ್ಲಿ ಅಜ್ಜಿಯ ಕೈ ಹಿಡಿದು ನಡೆದಳು. ಚೀಲಗಳನ್ನೆಲ್ಲ ಹೊತ್ತುಕೊಂಡು ಚೇತನಾ ಹಿಂದೆ. ನಾಲ್ಕನೆಯ ಅಡ್ಡರಸ್ತೆಯಲ್ಲಿ ಹೂವಿನವಳು, ಏನಜ್ಜಿ ಮಳೆ ಬಂತಾ ಎಂದು ಕೇಳಿದಳು, ಅವ್ವ ನಕ್ಕು ಮುಂದೆ ಹೋದಳು. ಹೇಳು, ಬೈ, ಒಂದು ಮಾತು ಕೇಳು ಎಂದು ಚೇತನಾ ಅವಳ ಬೆನ್ನನ್ನು ಬೇಡಿಕೊಳ್ಳುತ್ತಿದ್ದಳು. ಮೆಟ್ಟಿಲ ಹತ್ತಿರ ಅವ್ವ ನಿಂತಳು, ತಿರುಗಿದಳು. ಚೀಲ ಭಾರ ಐತೇನು, ಒಂದು ಇತ್ತ ಕೊಡು ಎಂದು ಕೈ ಚಾಚಿದಳು. ಚೇತನಾ ಕೊಡಲಿಲ್ಲ.

ಹನುಮೇಶ ಅಂಗಡಿಯಿಂದ ಬಂದಿದ್ದ. ಬಾಗಿಲು ತೆಗೆದವನ ಕಾಲಿಗೆ ಮಗಳು ಸುತ್ತಿಕೊಂಡಳು. ಅವ್ವ ಸೀರೆ ಬದಲಿಸಲು ಬಚ್ಚಲಿಗೆ ಹೋದಳು. ಶಾಂಭವಿಗೆ ನಿದ್ದೆಯೆಲ್ಲ ಬಿಟ್ಟಿತ್ತು. ಅವಳು ಸೋಫಾದ ಮೇಲೆ ಹತ್ತಿ ನಿಂತು, ಅಲೆ ಎಷ್ಟೆತ್ತರ ಬಂತೆಂದು ಕೈಯಲ್ಲಿ ತೋರಿಸಿ, ತಾನು ಹೇಗೆ ಮುಳುಗಿದೆನೆಂದು ಕುಕ್ಕರುಗಾಲಲ್ಲಿ ಕೂತು ತೋರಿಸಿ, ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ನೀಲಿ ಕಾಣುತ್ತದೆಂದೂ, ಅಜ್ಜಿ ಸೂಪರಾಗಿ ಹಾರಿ ಜಡೆ ಹಿಡಿದು ಎಳೆದಳೆಂದೂ ಒಂದೇ ಉಸಿರಿಗೆ ಹೇಳಿದಳು. ಹನುಮೇಶನ ನಗು ಅರ್ಧಕ್ಕೆ ನಿಂತಿತು.

"ಅಮ್ಮ ಎಲ್ಲಿದ್ಲು ಆಗ?"

"ಅಮ್ಮ ಅಲ್ಲೇ ಇದ್ಲು," ಎಂದಳು ಶಾಂಭವಿ. ಅದರಲ್ಲಿ ದೂರೇನೂ ಇರಲಿಲ್ಲ. ಅಪ್ಪನಿಗೆ ಗೊತ್ತಿಲ್ಲದ ಸಂಗತಿಯನ್ನು ತಾಳ್ಮೆಯಿಂದ ತಿಳಿಸುವ ದನಿ. "ಅಮ್ಮ ಕೆಲಸದಲ್ಲಿದ್ಲು ಕಣಪ್ಪಾ. ಅದಕ್ಕೇ ಅಜ್ಜಿ ಬಂತು."

ಹನುಮೇಶ ತಲೆಯೆತ್ತಿ ಚೇತನಾಳನ್ನು ನೋಡಿದ. ಅವಳು ಹೊಸ್ತಿಲಲ್ಲಿ, ಒಂದು ಚಪ್ಪಲಿ ಬಿಚ್ಚಿ, ಇನ್ನೊಂದು ಕಾಲಲ್ಲಿದ್ದಂತೆಯೇ ನಿಂತಿದ್ದಳು. ಒದ್ದೆ ಟವೆಲ್ಲಿನ ಚೀಲದಿಂದ ನೆಲದ ಮೇಲೆ ನೀರು ಸೋರುತ್ತಿತ್ತು. ಮಗಳೂ ಅವಳನ್ನೇ ನೋಡುತ್ತಿದ್ದಳು, ತಾನು ಹೇಳಿದ್ದು ಸರಿಯಲ್ಲವೇ ಎಂದು ಹುಬ್ಬೇರಿಸಿ ಕಾಯುತ್ತ.

"ಹೌದು," ಎಂದಳು ಚೇತನಾ. "ಕೆಲಸದಲ್ಲಿದ್ದೆ."

ಅಮ್ಮನೇ ಒಪ್ಪಿಕೊಂಡದ್ದರಿಂದ ಶಾಂಭವಿಗೆ ಸಮಾಧಾನವಾಯಿತು. ಅವಳು ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಆಮೇಲೆ ಏನಾಯಿತೆಂದು ಹೇಳತೊಡಗಿದಳು.